ಮೈಸೂರಿಗೆ ಬಂದಿದ್ದ ಇಬ್ಬರು ಅತಿಥಿಗಳು

ನಾನು ವಾಸವಾಗಿರುವುದು ಬೆಂಗಳೂರಿನ ಉತ್ತರಕ್ಕಿರುವ ಆರ್.ಟಿ. ನಗರದಲ್ಲಿ. ಹೆಬ್ಬಾಳ, ಯಲಹಂಕಗಳ ಕಡೆಗೆ ಹೋಗಿಬರುವವರ ಬಾಯಲ್ಲಿ ಈ ಹೆಸರು ದಿನಕ್ಕೆ ನಾಲ್ಕು ಬಾರಿಯಾದರೂ ಬರುತ್ತದೆ. ಆದರೆ ಆ ಎರಡು ಅಕ್ಷರಗಳನ್ನು ಬಿಡಿಸಿ ಹೇಳಿರೆಂದರೆ ಬಹುಮಂದಿ ತಡವರಿಸುತ್ತಾರೆ. ಅದು ರವೀಂದ್ರನಾಥ ಠಾಕೂರರ ಹೆಸರು. ಈ ಠಾಕೂರರು 1929ರಲ್ಲಿ ನ್ಯೂಯಾರ್ಕಿನ ಒಂದು ಮಾಸಪತ್ರಿಕೆಗೆ ಸಂದೇಶವೊಂದನ್ನು ಕಳುಹಿಸಿಕೊಟ್ಟಿದ್ದರು. ಅದೇ ವರ್ಷ, ಅದೇ ಪತ್ರಿಕೆಗೆ, ಗಾಂಧೀಜಿಯವರೂ ಕೆಲವು ಮಾತುಗಳನ್ನು ಬರೆದುಕೊಟ್ಟಿದ್ದರು. ಗುಲಾಮರ ಮೊಮ್ಮಕ್ಕಳೆಂದು ಯಾರೂ ನಾಚಬೇಕಾದದ್ದಿಲ್ಲ, ನಾಚಬೇಕಾದವರು ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬುದು ಗಾಂಧೀಜಿಯ ಮಾತಿನ ತಾತ್ಪರ್ಯ. ಪತ್ರಿಕೆಯ ಹೆಸರು 'ದಿ ಕ್ರೈಸಿಸ್'. ಅದನ್ನು ಹೊರಡಿಸುತ್ತಿದ್ದುದು ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಒಂದು ಸಂಸ್ಥೆ. 'ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕಲರ್ಡ್ ಪೀಪಲ್' ಎಂಬುದು ಅದರ ಪೂರ್ಣ ಹೆಸರು. ನಾಲಗೆಗೆ ಅಷ್ಟು ಶ್ರಮ ಕೊಡದೆ ಲೋಕವೆಲ್ಲ ಅದನ್ನು ಎನ್.ಎ.ಎ.ಸಿ.ಪಿ. ಎಂದೇ ಕರೆಯುತ್ತದೆ.

ಎಲ್ಲಿಯ ನ್ಯೂಯಾರ್ಕು, ಎಲ್ಲಿಯ ಆರ್.ಟಿ. ನಗರ ಎಂದು ವಾಚಕರು ಕೇಳಬಹುದು. ಆ ಸಂಸ್ಥೆಯ ಚರಿತ್ರೆಯ ಒಂದು ಎಳೆ ನಮ್ಮ ಮೈಸೂರಿನ ಮೂಲಕ ಹಾದುಹೋಗಿದೆ. ಅದನ್ನು ಹೇಳುವುದಕ್ಕೆ ಮುಂಚೆ ಸಂಸ್ಥೆಯ ಹುಟ್ಟು ಬೆಳವಣಿಗೆಗಳನ್ನು ಸ್ವಲ್ಪ ನೋಡೋಣ.

ಅಬ್ರಹಾಂ ಲಿಂಕನ್ನರು ಬಾಳಿದ ಊರು ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್. ಗುಲಾಮಗಿರಿಯನ್ನು ಕೊನೆಗಾಣಿಸಿದ ಮಹನೀಯನ ಆ ಊರಿನಲ್ಲಿಯೇ 1908ರ ಆಗಸ್ಟ್ ತಿಂಗಳಲ್ಲಿ ಬಿಳಿಯರ ಗುಂಪೊಂದು ಕಪ್ಪು ಜನರ ಕೇರಿಗೆ ಬೆಂಕಿಯಿಟ್ಟು, ಇಬ್ಬರನ್ನು ನೇಣುಹಾಕಿತು. ಮನಸ್ಸಾಕ್ಷಿಯಿದ್ದ ಕೆಲವರಿಗೆ ಇದನ್ನು ಸಹಿಸಲಾಗಲಿಲ್ಲ. 1909ರ ಫೆಬ್ರವರಿ 12ರಂದು, ಲಿಂಕನ್ನರ ನೂರನೆಯ ಜನ್ಮದಿನದಂದು, ಅವರು ಒಂದು ಕರೆಯನ್ನು ಹೊರಡಿಸಿದರು. ಸಂಸ್ಥೆ ತನ್ನ ಹುಟ್ಟುಹಬ್ಬವನ್ನು ಆಚರಿಸಿಕೊಳ್ಳುವುದು ಆ ದಿನವೇ. ಮೊದಲಲ್ಲಿ ಮುಂದೆ ನಿಂತವರಲ್ಲಿ ಬಿಳಿಯರೇ ಹೆಚ್ಚು: ಮೇರಿ ವೈಟ್ ಓವಿಂಗ್ಟನ್ ಎಂಬ ಮಹಿಳೆ, ವಿಲಿಯಂ ವಾಲಿಂಗ್ ಎಂಬ ಲೇಖಕರು, ಮೂರ್‌ಫೀಲ್ಡ್ ಸ್ಟೋರಿ ಎಂಬ ವಕೀಲರು. ಕಪ್ಪು ಜನರಲ್ಲಿ ಪ್ರಮುಖರು ಡಬ್ಲ್ಯು.ಇ.ಬಿ. ಡುಬಾಯ್ಸ್ ಮತ್ತು ಇಡಾ ವೆಲ್ಸ್. ಡುಬಾಯ್ಸ್ ದೊಡ್ಡ ವಿದ್ವಾಂಸರು. ಕಾಲೇಜಿನ ಅಧ್ಯಾಪಕ ವೃತ್ತಿಯನ್ನು ಬಿಟ್ಟುಬಂದು 1910ರ ನವೆಂಬರಿನಲ್ಲಿ 'ಕ್ರೈಸಿಸ್' ಪತ್ರಿಕೆಯನ್ನು ಆರಂಭಿಸಿದರು. ಮೊದಲ ಸಂಚಿಕೆ ಅಚ್ಚಾದದ್ದು 1,000 ಪ್ರತಿ. ಹತ್ತು ವರ್ಷ ತುಂಬುವ ಮೊದಲೇ ಅದು ಒಂದು ಲಕ್ಷವನ್ನು ಮುಟ್ಟಿತು. 1920ರಲ್ಲಿ ಜೇಮ್ಸ್ ವೆಲ್ಡನ್ ಜಾನ್‌ಸನ್ ಅವರು ಕಾರ್ಯದರ್ಶಿಗಳಾದ ಮೇಲೆ ಸಂಸ್ಥೆಯ ದೈನಂದಿನ ಆಡಳಿತ ಕಪ್ಪು ಜನರ ಕೈಗೇ ಬಂದಿತು.

ಈ ಸಂಸ್ಥೆಯ ಕೈಯಲ್ಲಿ ಕೋವಿಯಿರಲಿಲ್ಲ, ಅಧಿಕಾರವಿರಲಿಲ್ಲ. ಇದ್ದದ್ದು ಲೆಕ್ಕದ ಪುಸ್ತಕ. ಗುಂಪು ಸೇರಿ, ವಿಚಾರಣೆಯಿಲ್ಲದೆ, ಮನುಷ್ಯನನ್ನು ಮರಕ್ಕೆ ನೇತುಹಾಕುವ ಪದ್ಧತಿಗೆ ಆ ದೇಶದಲ್ಲಿ ಲಿಂಚಿಂಗ್ ಎನ್ನುತ್ತಾರೆ. 1889ರಿಂದ 1918ರವರೆಗಿನ ಮೂವತ್ತು ವರ್ಷಗಳಲ್ಲಿ ಹೀಗೆ ಸತ್ತವರು 3,224 ಮಂದಿ, ಅವರಲ್ಲಿ ಕಪ್ಪು ಜನ 2,522 ಎಂದು ಸಂಸ್ಥೆ 1919ರಲ್ಲಿ ಊರು, ದಿನಗಳ ಸಮೇತ ಪ್ರಕಟಿಸಿತು. ಲೆಕ್ಕ ಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ವಾಲ್ಟರ್ ವೈಟ್ ಎಂಬ ಕಾರ್ಯಕರ್ತರು ಕಪ್ಪು ವಂಶದವರಾದರೂ ನೋಟಕ್ಕೆ ಬಿಳಿಯರಂತೆಯೇ ಇದ್ದರು. ಕೊಲೆ ನಡೆದ ಊರುಗಳಿಗೆ ಬಿಳಿಯನ ವೇಷದಲ್ಲಿ ಹೋಗಿ, ಕೊಂದವರ ಬಾಯಿಂದಲೇ ಕಥೆಯನ್ನು ಹೊರಡಿಸಿಕೊಂಡು ಬರುತ್ತಿದ್ದರು. 1919ರಲ್ಲಿ ಅರ್ಕನ್ಸಾದಲ್ಲಿ ಅವರ ಗುಟ್ಟು ರಟ್ಟಾಯಿತು. ಅವರು ಓಡಿಬಂದು ರೈಲು ಹತ್ತಿದರೆ, ಆ ರೈಲಿನ ಕಂಡಕ್ಟರ್, 'ಬಿಳಿಯನಂತೆ ನಟಿಸುವ ಕರಿಯನೊಬ್ಬ ಸಿಕ್ಕಿಬೀಳುವುದರಲ್ಲಿದ್ದಾನೆ. ಆ ಮಜಾ ನೋಡದೆ ಹೊರಟಿರಲ್ಲ!' ಎಂಬರ್ಥದ ಮಾತನ್ನು ಅವರಿಗೇ ಹೇಳಿದನಂತೆ.

ನ್ಯೂಯಾರ್ಕಿನ ಐದನೆಯ ಅವೆನ್ಯೂದಲ್ಲಿದ್ದ ಸಂಸ್ಥೆಯ ಕಚೇರಿಯ ಕಿಟಕಿಯಿಂದ, ಲಿಂಚಿಂಗ್ ನಡೆದ ಸುದ್ದಿ ಬಂದಾಗ, ಕಪ್ಪು ಬಾವುಟವೊಂದನ್ನು ಇಳಿಬಿಡುತ್ತಿದ್ದರು. ನಿನ್ನೆ ಒಬ್ಬ ಮನುಷ್ಯನನ್ನು ಲಿಂಚ್ ಮಾಡಲಾಯಿತು ಎಂಬಷ್ಟೇ ಅದರ ಮೇಲಿನ ಬರಹ. 1936ರಿಂದ 1938ರವರೆಗೆ ಇದು ನಡೆಯಿತು. ಈ ಪಾತಕದ ವಿರುದ್ಧ ರಾಷ್ಟ್ರೀಯ ಕಾನೂನು ಬೇಕೆಂದು ಸಂಸ್ಥೆ ಹೋರಾಡಿದಾಗ 1922ರಲ್ಲಿ ಕೆಳಮನೆ ಒಪ್ಪಿತು, ಸೆನೆಟ್ ತಡೆಯಿತು. ಅಂಥ ಕಾನೂನು ಕೊನೆಗೂ ಬಂದದ್ದು 2022ರಲ್ಲಿ. ನೂರು ವರ್ಷ!

ಎರಡನೆಯ ಹತ್ಯಾರು ನ್ಯಾಯಾಲಯ. ಚಾರ್ಲ್ಸ್ ಹ್ಯೂಸ್ಟನ್ ಎಂಬ ವಕೀಲರು ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಯುವಕರನ್ನು ಕಾನೂನಿನಲ್ಲಿ ಹುರಿಗೊಳಿಸಿದರು. ಅವರ ಶಿಷ್ಯ ಥರ್ಗುಡ್ ಮಾರ್ಷಲ್. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಎಂಬ ಕಟ್ಟಳೆಯನ್ನು ಒಂದೊಂದು ಕಲ್ಲಾಗಿ ಕೀಳುತ್ತ ಹೋಗಿ, 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಿಂದಲೂ ಒಮ್ಮತದ ತೀರ್ಪನ್ನು ಅವರು ಪಡೆದರು. ಗುರು ಹ್ಯೂಸ್ಟನ್ ಅದನ್ನು ನೋಡಲು ಉಳಿದಿರಲಿಲ್ಲ, 1950ರಲ್ಲಿಯೇ ತೀರಿಕೊಂಡಿದ್ದರು. ಮರುವರ್ಷ ಮಾಂಟ್‌ಗಮೆರಿಯ ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಡಲೊಲ್ಲದೆ ಕುಳಿತ ರೋಸಾ ಪಾರ್ಕ್ಸ್ ಅವರನ್ನು ದಣಿದ ದರ್ಜಿ ಹೆಂಗಸು ಎಂದಷ್ಟೇ ನಮ್ಮಲ್ಲಿ ವರ್ಣಿಸುವುದುಂಟು. ಆಕೆ ಆ ಊರಿನ ಎನ್.ಎ.ಎ.ಸಿ.ಪಿ. ಶಾಖೆಯ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವರು. ಇದಕ್ಕೆಲ್ಲ ತೆತ್ತ ಬೆಲೆಯೂ ಸಣ್ಣದಲ್ಲ. ಅಲಬಾಮಾ ಸಂಸ್ಥಾನ ಸದಸ್ಯರ ಪಟ್ಟಿಯನ್ನು ಒಪ್ಪಿಸಿರೆಂದಿತು. ಪಟ್ಟಿ ಕೊಟ್ಟರೆ ಒಬ್ಬೊಬ್ಬರ ಮನೆಯ ಮೇಲೂ ಕಲ್ಲು ಬೀಳುವುದು ಖಂಡಿತವೆಂದು ತಿಳಿದ ಸಂಸ್ಥೆ ಕೊಡಲಿಲ್ಲ. ಪರಿಣಾಮವಾಗಿ 1956ರಿಂದ 1964ರವರೆಗೆ ಆ ಸಂಸ್ಥಾನದಲ್ಲಿ ಅದು ಕೆಲಸ ಮಾಡುವಂತೆಯೇ ಇರಲಿಲ್ಲ. ಮಿಸಿಸಿಪಿಯ ಕಾರ್ಯಕರ್ತ ಮೆಡ್ಗರ್ ಎವರ್ಸ್ ಅವರನ್ನು 1963ರ ಜೂನ್ 12ರಂದು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕದ ಈ ಸಂಗತಿಗಳು ನಮ್ಮ ಹಿರಿಯರಿಗೆ ತಿಳಿಯದವೇನಲ್ಲ. ಲಾಲಾ ಲಜಪತರಾಯರು 1914ರಿಂದ 1919ರವರೆಗೆ ಹೆಚ್ಚುಕಡಿಮೆ ಅಲ್ಲಿಯೇ ಇದ್ದು ಡುಬಾಯ್ಸ್ ಅವರ ಸ್ನೇಹವನ್ನು ಗಳಿಸಿದ್ದರು. 1927ರಲ್ಲಿ ಕ್ಯಾಥರೀನ್ ಮೇಯೋ ಎಂಬಾಕೆ 'ಮದರ್ ಇಂಡಿಯಾ' ಬರೆದು ನಮ್ಮ ದೇಶದ ಕೊಳೆಯನ್ನೆಲ್ಲ ಎತ್ತಿ ಹಿಡಿದಳು. ಮರುವರ್ಷ ಲಜಪತರಾಯರು 'ಅನ್‌ಹ್ಯಾಪಿ ಇಂಡಿಯಾ' ಎಂಬ ಉತ್ತರವನ್ನು ಬರೆದರು. ನಮ್ಮಲ್ಲಿ ಅಸ್ಪೃಶ್ಯತೆಯಿದ್ದರೆ ನಿಮ್ಮಲ್ಲಿ ಲಿಂಚಿಂಗ್ ಇಲ್ಲವೆ, ನಿಮ್ಮದೇ ಇನ್ನೂ ಘೋರವಲ್ಲವೆ ಎಂಬುದು ಅದರಲ್ಲಿನ ಒಂದು ವಾದ. ಪರರಾಜ್ಯದಲ್ಲಿದ್ದ ಅಭಿಮಾನಿಯ ಕೋಪವದು. ನಾವು ಅದನ್ನು ಅರ್ಥಮಾಡಿಕೊಳ್ಳಬಹುದು. ಆದರೂ ನೆರೆಯವನ ಗಾಯವನ್ನು ತೋರಿಸಿ ನಮ್ಮ ಮನೆಯ ಗಾಯವನ್ನು ಮುಚ್ಚುವ ಅಭ್ಯಾಸ ಅಲ್ಲಿಂದ ನಮ್ಮಲ್ಲಿ ಬೇರು ಬಿಟ್ಟಿತೆಂದು ನನಗೆ ತೋರುತ್ತದೆ.

ಇದರ ನಡುವೆ ಮೈಸೂರಿನ ಪ್ರಸಂಗ ನಡೆಯಿತು. 1937ರ ಜನವರಿಯಲ್ಲಿ ವಿಶ್ವ ವೈ.ಎಂ.ಸಿ.ಎ. ಸಮ್ಮೇಳನ ಸೇರಿದ್ದು ಮೈಸೂರು ನಗರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ. ಅಮೆರಿಕದಿಂದ ಬಂದ ಪ್ರತಿನಿಧಿಗಳಲ್ಲಿ ಇಬ್ಬರು ಕಪ್ಪು ಜನಾಂಗದವರಿದ್ದರು: ಬೆಂಜಮಿನ್ ಮೇಸ್ ಮತ್ತು ಚಾನಿಂಗ್ ಟೋಬಿಯಾಸ್. ಮೇಸ್ ಅವರ ತಾಯಿತಂದೆಗಳಿಬ್ಬರೂ ಗುಲಾಮರಾಗಿ ಹುಟ್ಟಿದವರು. ಬಂದೂಕು ಹಿಡಿದ ಬಿಳಿಯರ ಗುಂಪು ತಮ್ಮ ತಂದೆಯನ್ನು ತಡೆದು ತಲೆಬಾಗಿಸಿದ್ದೇ ಆ ಮಗುವಿನ ಮೊದಲ ನೆನಪು. ಅಂಥ ಹುಡುಗ ಓದಿ, 1937ರ ಹೊತ್ತಿಗೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದರು.

ಮೈಸೂರಿನಲ್ಲಿದ್ದಾಗ ಅಸ್ಪೃಶ್ಯರ ಶಾಲೆಯೊಂದರ ಮುಖ್ಯೋಪಾಧ್ಯಾಯರು ಬಂದು ತಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮೇಸ್ ಅವರನ್ನು ಕೇಳಿದರು. ಇಷ್ಟು ಜನ ಅಮೆರಿಕನ್ನರಿರುವಾಗ ನಾನೇ ಏಕೆ ಎಂದು ಇವರು ವಿಚಾರಿಸಿದರೆ, ಕಪ್ಪು ಜನಾಂಗದವರೇ ಬೇಕು ಎಂಬ ಉತ್ತರ ಬಂದಿತು. ಸಭೆಯಲ್ಲಿ ಮುಖ್ಯೋಪಾಧ್ಯಾಯರು ಅತಿಥಿಯ ಪರಿಚಯ ಮಾಡಿಕೊಟ್ಟರು: ಇವರೂ ನಮ್ಮಂತೆ ಅಸ್ಪೃಶ್ಯರು; ಇಲ್ಲಿ ಮೇಲಿನ ಜಾತಿಗಳವರಿಂದ ನಾವು ಪಡುವ ಅವಮಾನವನ್ನೆಲ್ಲ ಅಲ್ಲಿ ಬಿಳಿಯರ ಕೈಯಲ್ಲಿ ಪಟ್ಟವರು; ಆದರೂ ದೊಡ್ಡ ಮನುಷ್ಯರಾಗಿದ್ದಾರೆ, ನೀವೂ ಆಗಬಹುದು. ಮಾತಿನ ಸಾರ ಇಷ್ಟು. ಮೇಸ್ ಅವರಿಗೆ ಮೊದಲು ಗಾಬರಿಯಾಯಿತು, ಸಿಟ್ಟೂ ಬಂದಿತು. ಆ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದಾಗ, ನನ್ನ ದೇಶದಲ್ಲಿ ನಾನು ಅಸ್ಪೃಶ್ಯನೇ ಸರಿ ಎಂದು ಅವರಿಗೆ ಮನವರಿಕೆಯಾಯಿತು. 1971ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಇದನ್ನು ಬರೆದಿದ್ದಾರೆ.

ಸಾಮಾನ್ಯವಾಗಿ ನಾವು ಹೇಳಿಕೊಳ್ಳುವ ಕಥೆ ಬೇರೆ. ಭಾರತ ಅಮೆರಿಕದ ಕಪ್ಪು ಜನರಿಗೆ ಸತ್ಯಾಗ್ರಹವೆಂಬ ಮಂತ್ರವನ್ನು ಕೊಟ್ಟಿತು, ಮಾರ್ಟಿನ್ ಲೂಥರ್ ಕಿಂಗ್ ಅದನ್ನು ಜಪಿಸಿ ಸಿದ್ಧಿ ಪಡೆದರು ಎಂಬುದು ಆ ಕಥೆ. ಅದರಲ್ಲಿ ನಾವು ಗುರುಗಳು, ಅವರು ಶಿಷ್ಯರು. ಇದು ಸುಳ್ಳಲ್ಲ. ಮೇಸ್, ಟೋಬಿಯಾಸ್ ಇಬ್ಬರೂ ಅದೇ ಪ್ರವಾಸದಲ್ಲಿ ವಾರ್ಧಾದ ಬಳಿಯ ಸೇಗಾಂವಿನಲ್ಲಿ ಗಾಂಧೀಜಿಯನ್ನು ಕಂಡು ಅಹಿಂಸೆಯನ್ನು ಕುರಿತು ಕೇಳಿ ತಿಳಿದರು. ಅಸ್ಪೃಶ್ಯತೆಯ ಮೇಲೆ ಯುದ್ಧ ಸಾರಿದ ತಾವು ಜಾತಿಯ ಮೇಲೂ ಏಕೆ ಸಾರಲಿಲ್ಲ ಎಂದೂ ಮೇಸ್ ಕೇಳಿದರು. ಆ ಬಗ್ಗೆ ಗಾಂಧೀಜಿಯವರ ಉತ್ತರ ಕೆಲಸದ ಹಂಚಿಕೆಯ ಸಮರ್ಥನೆಯಾಗಿತ್ತು. ಆದುದರಿಂದ ಆ ಅತಿಥಿಗಳು ನಮ್ಮಿಂದ ಒಯ್ದದ್ದು ಎರಡು ಗಂಟು. ಒಂದು ಸೇಗಾಂವಿನದು, ಇನ್ನೊಂದು ಮೈಸೂರಿನ ಆ ಶಾಲೆಯದು. ಮೊದಲನೆಯದನ್ನು ನೆನೆದು ಹೆಮ್ಮೆಪಡುವ ನಾವು ಎರಡನೆಯದನ್ನು ಬಿಚ್ಚಿ ನೋಡುವುದಿಲ್ಲ.

ಆ ಇಬ್ಬರೂ ಮುಂದೆ ಏನಾದರೆಂಬುದನ್ನು ಕೇಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ಟೋಬಿಯಾಸ್ 1953ರಲ್ಲಿ ಎನ್.ಎ.ಎ.ಸಿ.ಪಿ.ಯ ಆಡಳಿತ ಮಂಡಲಿಯ ಅಧ್ಯಕ್ಷರಾದರು. ಶಾಲೆಗಳ ತೀರ್ಪು ಬಂದದ್ದು ಅವರ ಕಾಲದಲ್ಲಿ. ಮೇಸ್ 1940ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. 1944ರಲ್ಲಿ ಅಲ್ಲಿ ಸೇರಿದ ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ಅವರ ಮಾತಿಗೆ ಮರುಳಾದನು. ಅವನೇ ಮಾರ್ಟಿನ್ ಲೂಥರ್ ಕಿಂಗ್. ಕಿಂಗ್ 1959ರಲ್ಲಿ ಭಾರತಕ್ಕೆ ಬಂದರು. ಆ ಒಂದು ತಿಂಗಳ ಪ್ರವಾಸದಲ್ಲಿ ನಮ್ಮ ಬೆಂಗಳೂರಿಗೂ ಬಂದಿದ್ದರು. ತಿರುವನಂತಪುರದ ಶಾಲೆಯೊಂದರಲ್ಲಿ ಅವರನ್ನೂ ಅಮೆರಿಕದ ಅಸ್ಪೃಶ್ಯರೆಂದೇ ಪರಿಚಯಿಸಿದರೆಂದೂ, ಮೊದಲು ಬೆಚ್ಚಿದ ತಾನು ಆಮೇಲೆ ಅದನ್ನು ಒಪ್ಪಿದೆನೆಂದೂ 1965ರ ಉಪದೇಶವೊಂದರಲ್ಲಿ ಅವರು ಹೇಳಿಕೊಂಡರು. ಗುರುವಿಗೂ ಶಿಷ್ಯನಿಗೂ ನಮ್ಮ ದೇಶ ಮಾಡಿಕೊಟ್ಟ ಪರಿಚಯ ಒಂದೇ! 1968ರಲ್ಲಿ ಕಿಂಗ್ ಅವರ ಶವಸಂಸ್ಕಾರದ ದಿನ ಚರಮ ಭಾಷಣ ಮಾಡಿದವರು ಮೇಸ್ ಅವರೇ.

ನಂಟನ್ನು ಗುರುತಿಸಿದವರು ಮೈಸೂರಿನ ಮುಖ್ಯೋಪಾಧ್ಯಾಯರೊಬ್ಬರೇ ಅಲ್ಲ. ಡಾ. ಅಂಬೇಡ್ಕರರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಕಪ್ಪು ಜನರ ಹಾರ್ಲೆಮ್ ಕೇರಿಯ ಪಕ್ಕದಲ್ಲಿಯೇ ಇದೆ. 1946ರಲ್ಲಿ ಅವರು ಡುಬಾಯ್ಸ್ ಅವರಿಗೆ ಕಾಗದ ಬರೆದು, ಇಬ್ಬರ ಸ್ಥಿತಿಯೂ ಒಂದೇ ಬಗೆಯದೆಂದು ಹೇಳಿ, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿಯನ್ನು ಕೇಳಿದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಅದೇ ವರ್ಷ ಭಾರತ ದಕ್ಷಿಣ ಆಫ್ರಿಕದ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದೆ ತಂದಿತ್ತು. 1947ರ ಅಕ್ಟೋಬರಿನಲ್ಲಿ ಎನ್.ಎ.ಎ.ಸಿ.ಪಿ.ಯೂ ಡುಬಾಯ್ಸ್ ಸಂಪಾದಿಸಿದ ದೊಡ್ಡ ಮನವಿಯನ್ನು ಅಲ್ಲಿಗೆ ಒಪ್ಪಿಸಿತು. ಅಮೆರಿಕದ ನಿಯೋಗಕ್ಕೆ ಅದು ಮುಜುಗರವಾಯಿತು. ಎಲಿನರ್ ರೂಸ್‌ವೆಲ್ಟ್ ಅವರು ಸಂಸ್ಥೆಯ ಮಂಡಲಿಯಲ್ಲಿಯೂ ಇದ್ದರು, ಆ ನಿಯೋಗದಲ್ಲಿಯೂ ಇದ್ದರು. ಅವರೇ ಮನವಿಯನ್ನು ಮುಂದಕ್ಕೆ ಒಯ್ಯಲೊಪ್ಪಲಿಲ್ಲ. ಮನೆಯ ಮಾತು ಬೀದಿಗೆ ಬೇಡವೆಂಬ ನೀತಿ. ಅದನ್ನು ಕಂಡು ನಾವು ನಗುವಂತಿಲ್ಲ. 2001ರಲ್ಲಿ ಡರ್ಬನ್ ನಗರದಲ್ಲಿ ವರ್ಣಭೇದದ ವಿರುದ್ಧ ವಿಶ್ವ ಸಮ್ಮೇಳನ ಸೇರಿದಾಗ, ಜಾತಿಯ ವಿಷಯ ಅಲ್ಲಿ ಬರಕೂಡದೆಂದು ಹಟ ಹಿಡಿದದ್ದು ನಮ್ಮ ಸರ್ಕಾರವೇ.

ಅಮೆರಿಕದ ಹೋರಾಟದ ಗಾಳಿ ನಮ್ಮ ನಾಡಿಗೆ ಮತ್ತೊಮ್ಮೆ ಬೀಸಿದ್ದು ಎಪ್ಪತ್ತರ ದಶಕದಲ್ಲಿ. ಕೋರ್ಟು, ಅರ್ಜಿಗಳ ನಿಧಾನದಿಂದ ಬೇಸತ್ತ ಅಲ್ಲಿನ ತರುಣರು 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಬ್ಲ್ಯಾಕ್ ಪ್ಯಾಂಥರ್ಸ್' ಕಟ್ಟಿದರು. ಅವರ ಹೆಸರನ್ನು ನೋಡಿ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮೊದಲಾದವರು 'ದಲಿತ ಪ್ಯಾಂಥರ್ಸ್' ಕಟ್ಟಿದರು. 1973ರ ನವೆಂಬರಿನಲ್ಲಿ, ಮೇಸ್ ಅವರ ಸಭೆ ನಡೆದ ಮೈಸೂರಿನಲ್ಲಿಯೇ, ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂದರು. ಗಲಭೆ ಹಬ್ಬಿ, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಆ ನೋವಿನಿಂದ ಎದ್ದದ್ದು ದಲಿತ ಸಂಘರ್ಷ ಸಮಿತಿ. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಅದರ ಚಾಲಕಶಕ್ತಿ. ನಮ್ಮ ಯಶವಂತಪುರಕ್ಕೆ ಹೆಚ್ಚು ದೂರವಿಲ್ಲದ ಶ್ರೀರಾಮಪುರದ ಕೇರಿಯಲ್ಲಿ ಬೆಳೆದು, ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದ ಕವಿ ಸಿದ್ಧಲಿಂಗಯ್ಯನವರು ಅದಕ್ಕೆ ಹಾಡು ಕೊಟ್ಟರು. ಸಮಿತಿ ಎನ್.ಎ.ಎ.ಸಿ.ಪಿ.ಯ ಶಾಖೆಯಲ್ಲ, ಅನುಕರಣವೂ ಅಲ್ಲ. ಆದರೆ ಪತ್ರಿಕೆ, ಅಧ್ಯಯನ ಶಿಬಿರ, ಹಳ್ಳಿಗೆ ನಡೆದು ಹೋಗಿ ವಿಷಯ ಸಂಗ್ರಹಿಸುವುದು, ಕಾನೂನನ್ನು ಓದಿ ಅಧಿಕಾರಿಯ ಮುಂದೆ ಹಿಡಿಯುವುದು, ಇವೆಲ್ಲ ಎರಡೂ ಕಡೆ ಒಂದೇ. ಮಂಜೂರಾದ ಭೂಮಿ ದಲಿತರ ಕೈತಪ್ಪದಂತೆ 1978ರಲ್ಲಿ ಕಾನೂನು ಬಂದಾಗ, ಅದು ಕಾಗದದಿಂದ ಹೊಲಕ್ಕೆ ಇಳಿಯಬೇಕೆಂದು ಹೋರಾಡಿದವರು ಇವರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋಗಿ ಏಟು ತಿಂದವರೂ ಇವರೇ.

ನಗರದಲ್ಲಿರುವ ನಮಗೆ ಇದೆಲ್ಲ ಹಳ್ಳಿಯ ಮಾತೆನಿಸಬಹುದು. ನಮ್ಮ ಬೀದಿಯಲ್ಲಿಯೇ, ಬಾಡಿಗೆಗೆ ಮನೆ ಕೇಳಿಕೊಂಡು ಬಂದ ತರುಣ ದಂಪತಿಗಳನ್ನು ಯಜಮಾನರೊಬ್ಬರು ಮೊದಲು ಸಂಬಳ ಕೇಳಿದರು, ಆಮೇಲೆ ಊಟದ ಪದ್ಧತಿ ಕೇಳಿದರು, ಕೊನೆಗೆ, 'ತಪ್ಪು ತಿಳೀಬೇಡಿ, ನೀವು ಯಾವ ಜನ?' ಎಂದರು. ನಾನು ಗೇಟಿನ ಬಳಿಯೇ ನಿಂತಿದ್ದೆ. ಮನೆ ಅವರಿಗೆ ದೊರೆಯಲಿಲ್ಲ. ಎನ್.ಎ.ಎ.ಸಿ.ಪಿ. 1917ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೊಕದ್ದಮೆಗಳಲ್ಲೊಂದು, ಕಪ್ಪು ಜನರು ಬಿಳಿಯರ ಬೀದಿಯಲ್ಲಿ ವಾಸಮಾಡಕೂಡದೆಂಬ ಪುರಸಭೆಯ ಕಟ್ಟಳೆಗೆ ಸಂಬಂಧಿಸಿದ್ದು. ಕಟ್ಟಳೆ ಬಿದ್ದ ಮೇಲೆ ಮನೆಯೊಡೆಯರು ತಮ್ಮತಮ್ಮಲ್ಲೇ ಕರಾರು ಬರೆದುಕೊಂಡರು. 1948ರಲ್ಲಿ, ಅಂಥ ಕರಾರನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲವೆಂದು ತೀರ್ಪಾಯಿತು. ನಮ್ಮಲ್ಲಿ ಕಟ್ಟಳೆಯೂ ಇಲ್ಲ, ಕರಾರೂ ಇಲ್ಲ. ಗೇಟಿನ ಬಳಿ ಕೇಳುವ ಒಂದು ಪ್ರಶ್ನೆ ಸಾಕು. ಅದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ದಾಖಲಾದರೂ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆಪಾದಿತರೆಲ್ಲರ ಬಿಡುಗಡೆಯಾಯಿತು; 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ನಮ್ಮ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೊಸ ಹೆಸರಿಟ್ಟಿದ್ದೇವೆ. ಅಮೆರಿಕದವರು ಬಳಸುವ ಮಾತೇ ಅದು. ಮಾತು ಬಂದಷ್ಟು ಸುಲಭವಾಗಿ ಅದರ ಹಿಂದಿನ ಹಟ ಬರಲಿಲ್ಲ. ಅರ್ಕನ್ಸಾದ ಕೊಲೆಗಳ ಸುದ್ದಿ ನ್ಯೂಯಾರ್ಕಿನ ದೊಡ್ಡ ಬೀದಿಯಲ್ಲಿ ನಡೆದಾಡುವವರಿಗೆ ತಿಳಿಯಬೇಕೆಂದೇ ಆ ಸಂಸ್ಥೆ ಬಾವುಟ ಇಳಿಬಿಡುತ್ತಿತ್ತು. ಕಂಬಾಲಪಲ್ಲಿಯ ಏಳು ಹೆಸರುಗಳಲ್ಲಿ ಒಂದನ್ನಾದರೂ ಬಲ್ಲವರು ನಮ್ಮ ಬಡಾವಣೆಗಳಲ್ಲಿ ಎಷ್ಟು ಮಂದಿ? ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನು ಬಲ್ಲ ಮಕ್ಕಳು ಪ್ರತಿ ಮನೆಯಲ್ಲಿಯೂ ಇದ್ದಾರೆ.